ನೀರಿನ ಆಫೀಸಿನ ಯುಗಳಗೀತೆ

ನೀರು ಸರಬರಾಜು ಕಚೇರಿಯ ದೂರು ವಿಭಾಗಕ್ಕೆ ಫೋನು ಮಾಡಿದವರಿಗೆ ನೀರು ಬರುತ್ತಿತ್ತೋ ಇಲ್ಲವೋ, ಹಾಡಂತೂ ಬರುತ್ತಿತ್ತು. ಇದನ್ನು ಇಲಾಖೆಯ ಕಡುವೈರಿಗಳೂ ಒಪ್ಪುತ್ತಿದ್ದರು.

ವಿಭಾಗ ಎಂದರೆ ದೊಡ್ಡದೇನಲ್ಲ. ಒಂದು ಮೇಜು, ಒಂದು ಫೋನು, ಒಂದು ರಿಜಿಸ್ಟರು ಮತ್ತು ನಮ್ಮ ಕಥಾನಾಯಕ. ಮೇಜಿನ ಕುಂಟು ಕಾಲಿನ ಕೆಳಗೆ ಹಳೇ ಸುತ್ತೋಲೆಯೊಂದನ್ನು ಮಡಚಿಟ್ಟು ಸಮ ಮಾಡಿದ್ದರು. ಕಥಾನಾಯಕನಿಗೆ ಅಷ್ಟೂ ಆಸರೆ ಇರಲಿಲ್ಲ. ಊರಿನ ಬಾಯಲ್ಲಿ ಅವನ ಹೆಸರು ‘ತಡೀರಿ’. ಫೋನು ಎತ್ತಿದ ಕೂಡಲೇ “ಸ್ವಲ್ಪ ತಡೀರಿ” ಎನ್ನುವುದು ಅವನ ಅಭ್ಯಾಸ. ಅಷ್ಟು ಹೇಳಿ ರಿಜಿಸ್ಟರು ಹುಡುಕುತ್ತಿದ್ದ, ಆಮೇಲೆ ಪೆನ್ನು ಹುಡುಕುತ್ತಿದ್ದ, ಆಮೇಲೆ ಪೆನ್ನಿನ ಮುಚ್ಚಳ ಹುಡುಕುತ್ತಿದ್ದ.

ಅವನು ಎತ್ತುವವರೆಗೆ, ಮತ್ತು ಹುಡುಕುವಷ್ಟೂ ಹೊತ್ತು, ಗೋಡೆಯ ಮೇಲಿನ ಕಬ್ಬಿಣದ ಪೆಟ್ಟಿಗೆಯೊಂದು ಫೋನಿನವರಿಗೆ ಹಾಡು ಕೇಳಿಸುತ್ತಿತ್ತು. ಅದೊಂದು ಹಳೇ ಯುಗಳಗೀತೆ. ಒಂದು ಕಾಲಕ್ಕೆ ಕ್ಷೌರದಂಗಡಿಯಿಂದ ಕಾಲೇಜಿನ ತನಕ ಎಲ್ಲ ಕಡೆ ಮೊಳಗಿದ ಹಾಡು. ದೊಡ್ಡ ವಿಷಯವೇನೂ ಅದರಲ್ಲಿಲ್ಲ. ಗಂಡು “ನಿಧಾನ ನಡೆ, ಇನ್ನೊಂದು ತಿರುವಿದೆ” ಎನ್ನುತ್ತಾನೆ. ಹೆಣ್ಣು “ತಿರುವು ಎಷ್ಟಿದ್ದರೂ ಇರಲಿ, ಪಕ್ಕದಲ್ಲೇ ನಡೆ” ಎನ್ನುತ್ತಾಳೆ. ಇಬ್ಬರೂ ನಡೆಯುತ್ತಾರೆ. ಹಾಡು ಮುಗಿಯುತ್ತದೆ. ಎಲ್ಲಿಗೆ ಹೊರಟಿದ್ದರು, ತಲುಪಿದರೋ ಇಲ್ಲವೋ, ಯಾರೂ ಕೇಳಿದವರಿಲ್ಲ. ಖಾಲಿ ಬಕೆಟ್ಟು ಮುಂದಿಟ್ಟುಕೊಂಡು ಹಲ್ಲು ಕಡಿಯುತ್ತ ಫೋನು ಮಾಡಿದವರು ಎರಡನೇ ಚರಣಕ್ಕೆ ಬರುವಷ್ಟರಲ್ಲಿ ತಲೆದೂಗುತ್ತಿದ್ದರು. ತಡೀರಿ ಕೊನೆಗೂ “ಹ್ಞಾಂ, ಹೇಳಿ” ಎಂದಾಗ, “ಪರವಾಗಿಲ್ಲ ಬಿಡಿ, ಸಂಜೆ ಬರಬಹುದು” ಎಂದು ಇಟ್ಟುಬಿಡುತ್ತಿದ್ದರು. ದಿನಕ್ಕೆ ಹದಿನೈದು ದೂರು ದಾಟುತ್ತಿರಲಿಲ್ಲ.

ಇವುಗಳಲ್ಲಿ ಒಂದು ಕರೆ ಮಾತ್ರ ತಡೀರಿಗೆ ಇಪ್ಪತ್ತೆರಡು ವರ್ಷವಾದರೂ ಅರ್ಥವಾಗಿರಲಿಲ್ಲ. ಪ್ರತಿ ಬುಧವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ಸರಿಯಾಗಿ ಫೋನು ರಿಂಗಾಗುವುದು. ಯಾರೋ ಹಾಡು ಪೂರ್ತಿ ಕೇಳುವರು. ಇವನು ಎತ್ತಿದ ಕೂಡಲೇ ಕಟ್. ರಿಜಿಸ್ಟರಿನಲ್ಲಿ ಅವನು ಕರ್ತವ್ಯನಿಷ್ಠೆಯಿಂದ ‘ಬುಧವಾರದ ಮೌನಿ, ದೂರು ತಿಳಿಯದು’ ಎಂದು ಬರೆದಿಡುತ್ತಿದ್ದ.

ಈಗ ಗುಟ್ಟಿನ ವಿಷಯ. ಆ ಪೆಟ್ಟಿಗೆಯಲ್ಲಿ ಹಾಡುತ್ತಿದ್ದವರು ಯಾವ ಗಾಯಕ ಗಾಯಕಿಯರೂ ಅಲ್ಲ. ಸಾಕ್ಷಾತ್ ತಡೀರಿ ಮತ್ತು ತಡೀರಿಯ ಹೆಂಡತಿ!

ಮದುವೆಯಾದ ಎರಡನೇ ವರ್ಷದ ಒಂದು ಭಾನುವಾರ, ಹೆಂಡತಿ ಪಾತ್ರೆ ತೊಳೆಯುತ್ತ ಈ ಹಾಡು ಗುನುಗುವುದು ಅವನ ಕಿವಿಗೆ ಬಿತ್ತು. “ಜೋರಾಗಿ ಹಾಡೇ” ಎಂದ. ಅವಳು ಬಾಯಿ ಮುಚ್ಚಿಕೊಂಡಳು. ಅವಳ ಅಣ್ಣ ಊರಿನ ಸಂಗೀತದ ಮೇಷ್ಟ್ರು. ಹನ್ನೆರಡು ವರ್ಷದ ತಂಗಿಯನ್ನು ಇಡೀ ಕ್ಲಾಸಿನ ಮುಂದೆ ಎಬ್ಬಿಸಿ ನಿಲ್ಲಿಸಿ, “ನಿನ್ನ ಗಂಟಲು ಎಣ್ಣೆ ಕಾಣದ ಬಾಗಿಲು ಕಣೇ. ಆಚೆ ಹೋಗಿ ಕೂತ್ಕೋ” ಎಂದಿದ್ದ ಮಹಾನುಭಾವ. ಅಂದಿನಿಂದ ಅವಳು ಯಾರ ಮುಂದೆಯೂ ಬಾಯಿಬಿಟ್ಟಿರಲಿಲ್ಲ.

ತಡೀರಿ ಕಾಡಿದ, ಬೇಡಿದ, ಕೊನೆಗೆ ಊಟ ಬಿಡುವುದಾಗಿ ಹೆದರಿಸಿದ. ಅವಳು ಕರಗಿದಳು. ಹೊಸದಾಗಿ ತಂದ ಟೇಪ್‌ರೆಕಾರ್ಡರನ್ನು ಅಡುಗೆಕಟ್ಟೆಯ ಮೇಲಿಟ್ಟು, ಅಸಲಿ ಹಾಡಿದ್ದ ಕ್ಯಾಸೆಟ್ಟಿನ ಹಿಂಬದಿಯ ಖಾಲಿ ಭಾಗದಲ್ಲಿ ಇಬ್ಬರೂ ಹಾಡಿದರು. ಹಿಮ್ಮೇಳಕ್ಕೆ ಇವನು ಡಬ್ಬ ಬಾರಿಸಿದ. ಅಸಲಿ ಹಾಡಿನಲ್ಲಿ ಕೊಳಲು ಬರುವ ಜಾಗದಲ್ಲಿ ಇವರ ಕುಕ್ಕರು ಮೂರನೇ ವಿಷಲ್ ಹಾಕಿತು. ಹೆಂಡತಿ “ರೀ, ಗ್ಯಾಸ್ ಆರಿಸಿ” ಎಂದು, ತಾಳ ತಪ್ಪದೆ ತನ್ನ ಸಾಲು ಹಿಡಿದಳು. ಎಲ್ಲ ಮುಗಿದ ಮೇಲೆ ಆಣೆ ಹಾಕಿಸಿಕೊಂಡಳು. “ಇದು ಈ ಅಡುಗೆಮನೆ ದಾಟಿತೋ, ಈ ಜನ್ಮದಲ್ಲಿ ನಿಮ್ಮ ಜೊತೆ ಮಾತಾಡಲ್ಲ.”

ಎರಡು ತಿಂಗಳಿಗೆ ಕಚೇರಿಗೆ ಹಾಡುವ ಪೆಟ್ಟಿಗೆ ಬಂತು. ಟೆಲಿಫೋನ್ ಮೆಕ್ಯಾನಿಕ್ ಬಂದು, “ಒಳ್ಳೇ ಹಾಡಿನ ಕ್ಯಾಸೆಟ್ ಯಾರ ಹತ್ರಾನಾದ್ರೂ ಇದೆಯೇನ್ರಿ?” ಎಂದು ಕೇಳಿದ. ಇಡೀ ಕಚೇರಿಯಲ್ಲಿ ಅಭಿರುಚಿ ಎಂಬುದು ಇರುವುದು ತನಗೊಬ್ಬನಿಗೇ ಎಂದು ತೋರಿಸುವ ಚಪಲ ತಡೀರಿಗೆ. “ಸ್ವಲ್ಪ ತಡೀರಿ” ಎಂದವನೇ ಮನೆಗೆ ಓಡಿಹೋಗಿ ಕ್ಯಾಸೆಟ್ಟು ತಂದುಕೊಟ್ಟ. ಮೆಕ್ಯಾನಿಕ್ ಅದನ್ನು ತಿರುವುಮುರುವಾಗಿ ಹಾಕಿ, ಪೆಟ್ಟಿಗೆಗೆ ಬೀಗ ಜಡಿದು, ಅರಗಿನ ಮುದ್ರೆ ಒತ್ತಿ, ಕೀಲಿಕೈ ಜೇಬಿಗಿಳಿಸಿ, ಮರುದಿನವೇ ಬೇರೆ ಊರಿಗೆ ವರ್ಗವಾಗಿ ಹೋದ.

ಮುದ್ರೆ ಒಡೆಯಲು ಕಾರಣ ಸಮೇತ ಅರ್ಜಿ ಕೊಟ್ಟು ಮೂವರು ಮೇಲಧಿಕಾರಿಗಳ ಸಹಿ ಹಾಕಿಸಬೇಕು. ತಡೀರಿ ಹನ್ನೊಂದು ಸಲ ಅರ್ಜಿ ಬರೆದ. ಹನ್ನೊಂದು ಸಲವೂ ‘ಕಾರಣ’ ಎಂಬ ಕಲಮಿನ ಹತ್ತಿರ ಬಂದು ಕೂತುಬಿಟ್ಟ. ‘ಒಳಗೆ ನನ್ನ ಹೆಂಡತಿ ಇದ್ದಾಳೆ’ ಎಂದು ಸರ್ಕಾರಿ ಕಾಗದದಲ್ಲಿ ಬರೆಯುವುದು ಹೇಗೆ? ಟೇಪು ಸವೆದೀತು ಎಂದು ಕಾದ. ಹಾಳಾದ್ದು ಸವೆಯಲಿಲ್ಲ. ಕೊನೆಗೆ ಹೆಂಡತಿಯ ಕಿವಿಗೆ ಬೀಳದಂತೆ ನೋಡಿಕೊಳ್ಳುವುದನ್ನೇ ಜೀವನದ ಧ್ಯೇಯ ಮಾಡಿಕೊಂಡ. ತುರ್ತಿಗೆ ಬೇಕಾದರೆ ಎಂದು ಅವಳಿಗೆ ಕಚೇರಿಯ ಉಗ್ರಾಣದ ಫೋನ್ ನಂಬರು ಕೊಟ್ಟ. ಅಷ್ಟರಲ್ಲಿ ಊರಿನ ಆರ್ಕೆಸ್ಟ್ರಾದವರು ಫೋನಿನಲ್ಲಿ ಕೇಳಿ ಕೇಳಿ ಇದೇ ಹಾಡನ್ನು ಕಲಿತಿದ್ದರು. ಆರತಕ್ಷತೆಗಳಲ್ಲಿ ಗಾಯಕಿ ಹಾಡಿನ ಮಧ್ಯದಲ್ಲಿ ನಿಲ್ಲಿಸಿ, ಬಾಯಲ್ಲೇ ವಿಷಲ್ ಹಾಕಿ, “ರೀ, ಗ್ಯಾಸ್ ಆರಿಸಿ” ಎನ್ನುವಳು. ಜನ ಚಪ್ಪಾಳೆ ತಟ್ಟುವರು. ಹೀಗಾಗಿ ಪಾಪ, ತಡೀರಿ ಇಪ್ಪತ್ತೆರಡು ವರ್ಷದಿಂದ ಪ್ರತಿ ಆರತಕ್ಷತೆಯಲ್ಲೂ ಮೈಕಿನವನು “ಹಲೋ, ಹಲೋ” ಅನ್ನುತ್ತಿದ್ದಂತೆ ಹೊಟ್ಟೆನೋವು ಬಂದು ಹೆಂಡತಿಯನ್ನು ಎಳೆದುಕೊಂಡು ಮನೆಗೆ ಹೊರಟುಬಿಡುತ್ತಿದ್ದ.

ಹೀಗಿರುವಾಗ ಹೊಸ ಸಾಹೇಬರು ಬಂದರು. ಇಸ್ತ್ರಿ ಮಾಡಿದ ಅಂಗಿ, ಇಸ್ತ್ರಿ ಮಾಡಿದ ಮುಖ. ಬಂದ ದಿನವೇ ತಮ್ಮ ಕೋಣೆಯಿಂದ ದೂರು ವಿಭಾಗಕ್ಕೆ ತಾವೇ ಫೋನು ಮಾಡಿ ಪರೀಕ್ಷಿಸಿದರು. ನಾಲ್ಕು ನಿಮಿಷದ ಮೇಲೆ ಧುಮುಧುಮು ಬಂದು ಎದುರು ನಿಂತರು.

“ಏನ್ರೀ ಇದು? ನೀರಿಲ್ಲ ಅಂತ ಜನ ಫೋನ್ ಮಾಡಿದ್ರೆ ಇಲಾಖೆ ಅವ್ರಿಗೆ ‘ನಿಧಾನ ನಡೆ’ ಅನ್ನುತ್ತಾ? ಅದೂ ಅಲ್ದೆ ಸರ್ಕಾರಿ ಫೋನಲ್ಲಿ ಗ್ಯಾಸ್ ಆರಿಸು ಅಂತಾಳಲ್ಲ, ಯಾರಾಕೆ?”

ತಡೀರಿ ಪೆನ್ನಿನ ಮುಚ್ಚಳ ಹುಡುಕತೊಡಗಿದ. “ಗೊತ್ತಿಲ್ಲ ಸಾರ್. ತುಂಬ ಹಿಂದಿನವ್ರು.”

“ಇವತ್ತೇ ಕಿತ್ತು ಹಾಕ್ಸಿ!”

ತಡೀರಿಗೆ ಸಾಹೇಬರ ಕೈಗೆ ಮುತ್ತಿಡೋಣ ಎನ್ನಿಸಿತು. ಅಂದೇ ಪೆಟ್ಟಿಗೆ ಇಳಿಯಿತು, ಮುದ್ರೆ ಒಡೆಯಿತು. ಕ್ಯಾಸೆಟ್ಟನ್ನು ತಡೀರಿ ತನ್ನ ಕೆಳಗಿನ ಡ್ರಾಯರಿನಲ್ಲಿ ರಿಜಿಸ್ಟರುಗಳಡಿ ಹುಗಿದಿಟ್ಟ. ಇಪ್ಪತ್ತೆರಡು ವರ್ಷದ ಹೊರೆ ಇಳಿದ ಖುಷಿಗೆ ಆ ಸಂಜೆ ಶಿಳ್ಳೆ ಹಾಕುತ್ತ ಮನೆಗೆ ಹೋದ. ಹೊಸ ಯಂತ್ರದಲ್ಲಿ ಹೆಂಗಸೊಬ್ಬಳು ಒಂದೇ ಸಮನೆ “ನಿಮ್ಮ ಕರೆ ನಮಗೆ ಅಮೂಲ್ಯವಾದದ್ದು” ಎಂದು ಹೇಳತೊಡಗಿದಳು.

ಮರುದಿನ ನೂರಾ ನಲವತ್ತು ದೂರು ಬಂದವು. ಅದರ ಮರುದಿನ ಮುನ್ನೂರು. ನೀರು ಎಂದಿನಂತೆಯೇ ಬರುತ್ತಿತ್ತು. ಆದರೆ ಕಾಯುವಾಗ ಕರಗುತ್ತಿದ್ದ ಸಿಟ್ಟು ಈಗ ಕರಗುವ ಬದಲು ಕುದಿಯುತ್ತಿತ್ತು. “ಅಮೂಲ್ಯವಾದದ್ದು ಅಂತ ಹೇಳ್ತಾಳಲ್ಲ, ಹಾಗಾದ್ರೆ ಎತ್ತೋಕೇನು ಧಾಡಿ?” ಎಂದು ಜನ ಬೈದರು. ನಲ್ಲಿ ತುಂಬ ನೀರಿದ್ದವರೂ ಫೋನು ಮಾಡಿ ಬೈದರು. ತಡೀರಿಯ ಎದುರುಮನೆಯ ಟೈಲರ್ ಅಳತೆಯ ಟೇಪು ಕೊರಳಿಗೆ ಹಾಕಿಕೊಂಡೇ ಕಚೇರಿಗೆ ನುಗ್ಗಿದ.

“ಆ ಹಾಡು ಕೇಳ್ಕೊಂಡು ಕಾಜ ಹೊಲೀತಿದ್ದೆ ಸ್ವಾಮಿ, ಇಪ್ಪತ್ತು ವರ್ಷ! ಫೋನ್ ಹಚ್ಚಿ ಮಿಶಿನ್ ಪಕ್ಕ ಇಟ್ಕೊಂಡ್ರೆ ಕೈ ತಾನೇ ಓಡೋದು. ಈಗ ನಿಮ್ಮ ಅಮೂಲ್ಯಮ್ಮನ ಕೇಳ್ಕೊಂಡು ಹೊಲಿದು, ನೋಡಿ, ಅಂಗಿಗೆ ಎರಡೂ ಎಡಗೈ ಬಂದಿದೆ!” ಎಂದು ಸಾಕ್ಷಿಗೆ ಅಂಗಿಯನ್ನು ಸಾಹೇಬರ ಮೇಜಿನ ಮೇಲೆ ಹರವಿದ.

ಸಾಹೇಬರು ಬುದ್ಧಿವಂತರು. ಪೇಟೆಯಿಂದ ಅಸಲಿ ಹಾಡು ತರಿಸಿ ಹಾಕಿಸಿದರು. ಜನಕ್ಕೆ ಇನ್ನೂ ಸಿಟ್ಟು ಬಂತು. “ಇದು ನಕಲಿ! ವಿಷಲ್ ಎಲ್ಲಿ? ‘ಗ್ಯಾಸ್ ಆರಿಸಿ’ ಎಲ್ಲಿ? ಆ ಹೆಣ್ಣುಮಗಳು ಎಲ್ಲಿ?” ಸಾಹೇಬರು ತಡೀರಿಯನ್ನು ಕರೆಸಿ, “ಆ ಹಳೇ ಕ್ಯಾಸೆಟ್ಟು ತನ್ನಿ” ಎಂದರು.

“ಇಲಿ ಕಡಿದುಬಿಟ್ಟಿದೆ ಸಾರ್” ಎಂದ ತಡೀರಿ, ಇಲಿಯ ಪರವಾಗಿ ತಲೆ ತಗ್ಗಿಸಿ.

“ಹಾಗಾದ್ರೆ ಹಾಡಿದೋರನ್ನೇ ಹುಡುಕಿಸ್ತೀನಿ.”

ಪ್ರಕಟಣೆ ಹೊರಟಿತು. ಬರುವ ಬುಧವಾರ ಬೆಳಿಗ್ಗೆ ಹನ್ನೊಂದಕ್ಕೆ, ಕಚೇರಿಯ ಸಭಾಂಗಣದಲ್ಲಿ, ಹಾಡಿದ ದಂಪತಿ ಬಂದು ಹಾಡಿ ತೋರಿಸತಕ್ಕದ್ದು, ಹೊಸದಾಗಿ ಧ್ವನಿಮುದ್ರಣ ಮಾಡಲಾಗುವುದು, ಸನ್ಮಾನ ಉಂಟು. ತೀರ್ಪುಗಾರರು ಯಾರು? ಊರಿಗೆಲ್ಲ ಇರುವುದು ಒಬ್ಬರೇ ಸಂಗೀತದ ಮೇಷ್ಟ್ರು!

ಮಂಗಳವಾರ ಸಂಜೆ ಮೇಷ್ಟ್ರು ತಂಗಿಯ ಮನೆಗೆ ಬಂದು ಕಾಲು ಚಾಚಿ ಕೂತರು. “ಭಾವ, ಆ ಹೆಣ್ಣುಧ್ವನಿ ಇದೆಯಲ್ಲ, ಅದನ್ನ ನಾನು ಇಪ್ಪತ್ತು ವರ್ಷದಿಂದ ಫೋನ್ ಹಚ್ಚಿ ಮಕ್ಕಳಿಗೆ ಕೇಳಿಸ್ತಿದ್ದೀನಿ. ಹೀಗೆ ಹಾಡ್ಬೇಕು ಕಣ್ರೋ ಅಂತ. ಗಂಡುಧ್ವನಿ ಬಿಡಿ, ಅವನ ಬಾಯಿಗೆ ಬಟ್ಟೆ ತುರುಕಬೇಕು.”

ತಡೀರಿಗೆ ಸಂಕಟವೋ ಸಂತೋಷವೋ ತಿಳಿಯದೆ ಕಾಫಿ ನೆತ್ತಿಗೇರಿತು. ಹೆಂಡತಿ ಒಳಗಿನಿಂದ ಎಲ್ಲ ಕೇಳಿಸಿಕೊಂಡು, ಅಣ್ಣ ಹೋದ ಮೇಲೆ, “ನಾಳೆ ನಾನೂ ಬರ್ತೀನಿ ರೀ” ಎಂದಳು.

“ನೀನ್ಯಾಕೆ ಇವ್ಳೇ? ಬರೀ ಪೈಪು, ವಾಲ್ವು, ಇಂಥವೇ ಮಾತಿರತ್ತೆ. ಬೇಜಾರಾಗತ್ತೆ.”

“ಬುಧವಾರ ಹನ್ನೊಂದಕ್ಕೆ ನನಗೆ ಬಿಡುವೇ” ಎಂದು ಅವಳು ಅಟ್ಟದ ಮೇಲೆ ಏನೋ ಹುಡುಕಲು ಏಣಿ ಹತ್ತಿದಳು.

ಬುಧವಾರ ಸಭಾಂಗಣದಲ್ಲಿ ಕಾಲಿಡಲು ಜಾಗವಿರಲಿಲ್ಲ. ತಾವೇ ಹಾಡಿದ್ದು ಎಂದು ಏಳು ಜೋಡಿಗಳು ಬಂದಿದ್ದವು, ಏಳು ಸ್ಟೋವು, ಏಳು ಕುಕ್ಕರುಗಳೊಂದಿಗೆ. ಒಬ್ಬ ವಕೀಲರು ತಮ್ಮ ಕುಕ್ಕರಿನ ರಸೀದಿಯನ್ನೂ ದಾಖಲೆಯಾಗಿ ತಂದಿದ್ದರು. ತಡೀರಿಯ ಹೆಂಡತಿ ದೊಡ್ಡ ಬಟ್ಟೆಚೀಲವೊಂದನ್ನು ಮಡಿಲಲ್ಲಿಟ್ಟುಕೊಂಡು ಕಟ್ಟಕಡೆಯ ಸಾಲಿನಲ್ಲಿ ಕೂತಳು. ತಡೀರಿ ಕಂಬದ ಮರೆಗೆ ನಿಂತು, ಪ್ಯಾಂಟಿನ ಜೇಬಿನಲ್ಲಿದ್ದ ಕ್ಯಾಸೆಟ್ಟನ್ನು ಬಿಗಿಯಾಗಿ ಹಿಡಿದುಕೊಂಡಿದ್ದ. ಸಭೆ ಮುಗಿದ ಕೂಡಲೇ ಅದನ್ನು ಇಲಾಖೆಯದೇ ಆಳವಾದ ತೊಟ್ಟಿಯೊಂದಕ್ಕೆ ಎಸೆಯುವುದು ಅವನ ಯೋಜನೆ.

ಮೇಷ್ಟ್ರು ಒಂದೊಂದು ಜೋಡಿಯನ್ನೂ ನಿವಾಳಿಸಿ ಎಸೆದರು. ವಕೀಲರ ಹೆಂಡತಿಗೆ ಶ್ರುತಿಯಿಲ್ಲ. ಬ್ಯಾಂಕಿನವರ ಕುಕ್ಕರು ವಿಷಲ್ ಹಾಕಲೇ ಒಲ್ಲದು. ಇನ್ನೊಂದು ಜೋಡಿ ಮೊದಲ ಚರಣದಲ್ಲೇ ‘ನೀನು ಬೇಗ ಎತ್ತಿದೆ, ನೀನು ತಡ ಮಾಡಿದೆ’ ಎಂದು ಜಗಳ ಶುರುಮಾಡಿ, ಬೇರೆ ಬೇರೆ ಬಾಗಿಲಿನಿಂದ ಹೊರಗೆ ಹೋಯಿತು. ಕೊನೆಗೆ ಉಳಿದವರು ಟೈಲರ್ ದಂಪತಿ. ಟೈಲರನ ಹೆಂಡತಿ ಚೆನ್ನಾಗಿಯೇ ಹಾಡಿದಳು. ಕುಕ್ಕರೂ ಸಮಯಕ್ಕೆ ಸರಿಯಾಗಿ ಕೂಗಿತು.

ಮೇಷ್ಟ್ರು ತಾಳ ಹಾಕುತ್ತಿದ್ದ ಕೈ ನಿಲ್ಲಿಸಿದರು. “ಹತ್ತಿರ ಬಂತು. ಪೂರ್ತಿ ಬಂದಿಲ್ಲ. ಆ ಹೆಣ್ಣುಮಗಳು ‘ಪಕ್ಕದಲ್ಲೇ ನಡೆ’ ಅನ್ನೋವಾಗ ಒಂದು ಕೂದಲೆಳೆಯಷ್ಟು ತಡೆದು ಅಂತಾಳೆ. ಜೊತೆಗಿರೋನು ಬಂದನಾ ಅಂತ ತಿರುಗಿ ನೋಡಿ ಆಮೇಲೆ ಹೇಳಿದ ಹಾಗೆ. ಮೂವತ್ತು ವರ್ಷ ಪಾಠ ಹೇಳಿದೀನಿ, ಅದನ್ನ ಒಬ್ಬರಿಗೂ ಕಲಿಸೋಕಾಗಿಲ್ಲ. ಇರ್ಲಿ, ಇಪ್ಪತ್ತೆರಡು ವರ್ಷ ಆಯ್ತಲ್ಲ, ಗಂಟಲು ಬದಲಾಗಿರಬಹುದು. ಇವರೇ ಅಂತ ಬರ್ಕೊಳ್ಳಿ.”

ಸಾಹೇಬರು ಹೂಮಾಲೆ ಎತ್ತಿದರು. ಫೋಟೋದವನು ಕ್ಯಾಮೆರಾ ಎತ್ತಿದ. ತಡೀರಿ ಬದುಕಿಕೊಂಡ ಹಾಗೆಯೇ. ಸುಮ್ಮನೆ ನಿಂತಿದ್ದರೆ ಸಾಕಿತ್ತು. ಗುಟ್ಟು ಗುಟ್ಟಾಗಿಯೇ ಉಳಿಯುತ್ತಿತ್ತು, ಹೆಂಡತಿ ಮಾತು ಬಿಡುವ ಭಯ ಶಾಶ್ವತವಾಗಿ ಹೋಗುತ್ತಿತ್ತು. ಆದರೆ ಆ ಮಾಲೆ ಟೈಲರನ ಹೆಂಡತಿಯ ಕೊರಳ ಹತ್ತಿರ ಹೋಗುತ್ತಿದ್ದಂತೆ ಅವನಿಗೆ ತಡೆಯಲಾಗಲಿಲ್ಲ. ತನ್ನವಳು ಹಾಡಿದ್ದನ್ನು ಇನ್ನೊಬ್ಬರು ಹಾಡಿದರು ಅನ್ನುವುದಾ? ಎಣ್ಣೆ ಕಾಣದ ಬಾಗಿಲು ಅನ್ನಿಸಿಕೊಂಡವಳು ಈಗಲೂ ಹಿಂದಿನ ಸಾಲಿನಲ್ಲೇ ಕೂತಿರಬೇಕಾ?

“ಸ್ವಲ್ಪ ತಡೀರಿ!”

ಜೀವಮಾನವೆಲ್ಲ ಅವನು ಹೇಳಿದ ಮಾತೇ. ಆದರೆ ಇಷ್ಟು ಗಟ್ಟಿಯಾಗಿ ಹೇಳಿದ್ದು ಇದೇ ಮೊದಲು. ಮಾಲೆ ಗಾಳಿಯಲ್ಲೇ ನಿಂತಿತು. ತಡೀರಿ ಕಂಬದ ಮರೆಯಿಂದ ಆಚೆ ಬಂದು, ಕ್ಯಾಸೆಟ್ಟು ಎತ್ತಿ ಹಿಡಿದ. “ಇಲಿ ಕಡಿದಿಲ್ಲ ಸಾರ್. ನಾನೇ ಸುಳ್ಳು ಹೇಳಿದ್ದು. ಗಂಡುಧ್ವನಿ ನಂದು. ಬಟ್ಟೆ ತುರುಕೋದಾದ್ರೆ ತುರುಕಿ ಭಾವ. ಹೆಣ್ಣುಧ್ವನಿ... ನಿಮ್ಮ ತಂಗೀದು.”

ಮೇಷ್ಟ್ರು ಮೊದಲು ನಕ್ಕರು. “ಭಾವನಿಗೆ ತಲೆ ಕೆಟ್ಟಿದೆ. ಅವಳಾ? ಅವಳಿಗೆ ಸರಿಗಮ ಕೂಡ...”

ತಡೀರಿ ಅವರ ಕಡೆ ನೋಡಲೇ ಇಲ್ಲ. ಹಿಂದಿನ ಸಾಲಿನ ಕಡೆ ತಿರುಗಿ, “ಆಣೆ ಮುರಿದೆ ಇವ್ಳೇ. ಇಪ್ಪತ್ತೆರಡು ವರ್ಷದ ಹಿಂದೇನೇ ಮುರಿದೆ. ಬೇಕಂತ ಅಲ್ಲ. ಮಾತು ಬಿಡೋದಾದ್ರೆ ಮನೆಗೆ ಹೋದ್ಮೇಲೆ ಬಿಡು” ಎಂದ. ಕಣ್ಣಲ್ಲಿ ನೀರು ಬಂದುಬಿಟ್ಟಿತ್ತು.

ಹೆಂಡತಿ ಎದ್ದಳು. ಚೀಲ ಹಿಡಿದು, ಜನರ ಮೊಣಕಾಲು ದಾಟಿಕೊಂಡು, ವೇದಿಕೆ ಹತ್ತಿದಳು. ಚೀಲದಿಂದ ತಳ ಕಪ್ಪಾದ, ಹಿಡಿ ಮುರಿದ ಹಳೇ ಕುಕ್ಕರೊಂದನ್ನು ಹೊರತೆಗೆದು, ಟೈಲರನ ಸ್ಟೋವಿನ ಮೇಲೆ ಕುಕ್ಕಿದಳು. “ಒಬ್ಬರ ವಿಷಲ್ಲೂ ಸರಿಯಿಲ್ಲ. ಇದು ಸ್ವಲ್ಪ ಕೀರಲು. ಇದೇ ಬೇಕು. ಡಬ್ಬ ತಗೊಳ್ಳಿ ರೀ.”

ತಡೀರಿ ಬಿಟ್ಟ ಬಾಯಿ ಬಿಟ್ಟಂತೆಯೇ ಒಂದು ಖಾಲಿ ಬಿಸ್ಕತ್ತಿನ ಡಬ್ಬ ಹುಡುಕಿ ತಂದ. ಎರಡು ವಿಷಲ್ ಆಗಲಿ ಎಂದು ಇಡೀ ಸಭೆ ಉಸಿರು ಹಿಡಿದು ಕಾಯಿತು. ಆಮೇಲೆ ಅವನು “ನಿಧಾನ ನಡೆ” ಎಂದು ಶುರುಮಾಡಿದ. ಧ್ವನಿ ಮೊದಲಿಗಿಂತ ಇನ್ನಷ್ಟು ಕೆಟ್ಟಿತ್ತು. ಯಾರಿಗೂ ಅದರ ಪರಿವೆ ಇರಲಿಲ್ಲ. ಅವಳು ಬಾಯಿ ತೆರೆದಳು. ಮೊದಲ ಸಾಲಿಗೇ ಟೈಲರನ ಹೆಂಡತಿ ತಾನಾಗಿ ಪಕ್ಕಕ್ಕೆ ಸರಿದು ನಿಂತಳು. ಮೂರನೇ ವಿಷಲ್ ಕೂಗಿತು. ತಡೀರಿಯ ಹೆಂಡತಿ ಕೈಯೆತ್ತಿದ್ದೇ ತಡ, ಇಡೀ ಸಭಾಂಗಣ ಒಕ್ಕೊರಲಿನಿಂದ “ರೀ, ಗ್ಯಾಸ್ ಆರಿಸಿ!” ಎಂದಿತು. ಸ್ಟೋವು ಆರಿಸಲು ಓಡಿದವರು ಸಾಕ್ಷಾತ್ ಸಾಹೇಬರು. ಅವಳು ನಗುತ್ತಲೇ ತನ್ನ ಸಾಲು ಹಿಡಿದಳು. ‘ಪಕ್ಕದಲ್ಲೇ ನಡೆ’ ಎನ್ನುವ ಮೊದಲು ಕೂದಲೆಳೆಯಷ್ಟು ತಡೆದು ಗಂಡನ ಕಡೆ ತಿರುಗಿ ನೋಡಿದಳು.

ಅಲ್ಲಿಗೆ ಮೇಷ್ಟ್ರ ಕಥೆ ಮುಗಿಯಿತು. ಕೂತಲ್ಲೇ ಕರವಸ್ತ್ರ ತೆಗೆದು ಬಿಕ್ಕಿ ಬಿಕ್ಕಿ ಅತ್ತರು. ಚಪ್ಪಾಳೆಯೆಲ್ಲ ಮುಗಿದ ಮೇಲೆ ತಂಗಿಯ ಹತ್ತಿರ ಬಂದು, “ಯಾವಾಗ ಕಲಿತೆಯಮ್ಮಾ ಇದನ್ನ?” ಎಂದರು.

“ನೀನು ಆಚೆ ಕೂರಿಸಿದ್ಯಲ್ಲ ಅಣ್ಣ, ಅವತ್ತು. ಕಿಟಕಿ ತೆಗೆದಿತ್ತು.”

ಮೇಷ್ಟ್ರು, ತೀರ್ಪುಗಾರರೆಂದು ತಮಗೆ ಹಾಕಿದ್ದ ಶಾಲನ್ನು ತಂಗಿಗೆ ಹೊದಿಸಿದರು. ಮಾಲೆಯನ್ನು ಭಾವನ ಕೊರಳಿಗೆ ಹಾಕಿದರು. ಬಟ್ಟೆ ತುರುಕುವ ಮಾತು ಮತ್ತೆ ಬರಲಿಲ್ಲ. ಟೈಲರ್ ಮಾತ್ರ “ನಾವೂ ಎರಡನೇ ಸ್ಥಾನ ತಾನೇ?” ಎಂದು ಎಲ್ಲರನ್ನೂ ಕೇಳುತ್ತ ಓಡಾಡಿದ.

ಮನೆಗೆ ಹೋಗುವ ದಾರಿಯಲ್ಲಿ ತಡೀರಿ ಕುಕ್ಕರಿನ ಚೀಲ ಹೊತ್ತು ಪಕ್ಕದಲ್ಲೇ ನಡೆಯುತ್ತಿದ್ದ. “ಮಾತು ಬಿಡ್ತೀಯಾ?” ಎಂದು ಕೇಳಿದ.

“ಬಿಡೋದಿದ್ರೆ ಇಪ್ಪತ್ತೆರಡು ವರ್ಷದ ಹಿಂದೇನೇ ಬಿಡ್ತಿದ್ದೆ. ಅಡುಗೆಮನೆ ನಲ್ಲಿ ಸೋರತ್ತೆ, ಸರಿ ಮಾಡಿಸಿ ಅಂತ ಹದಿನೈದು ದಿನ ಬಡ್ಕೊಂಡಿದ್ದೆ. ನೀವು ಸ್ವಲ್ಪ ತಡಿ, ಸ್ವಲ್ಪ ತಡಿ ಅಂತಲೇ ಇದ್ರಿ. ಸಾಕಾಗಿ ನಿಮ್ಮ ಆಫೀಸಿಗೇ ದೂರು ಕೊಡೋಣ ಅಂತ ಫೋನ್ ಮಾಡಿದೆ.”

“ನಂಬರು?”

“ನೀರಿನ ಬಿಲ್ಲಿನ ಹಿಂದೆ ದಪ್ಪಕ್ಷರದಲ್ಲಿ ಅಚ್ಚು ಹಾಕ್ಸಿದೀರಲ್ಲ! ನೋಡ್ತೀನಿ, ಒಳಗಿಂದ ನಾನೇ ಹಾಡ್ತಿದೀನಿ. ಮೈಯೆಲ್ಲ ಉರಿದುಹೋಯ್ತು. ಎತ್ತಲಿ, ಜನ್ಮ ಜಾಲಾಡ್ತೀನಿ ಅಂತ ಕಾದೆ. ಕಾಯ್ತಾ ಕಾಯ್ತಾ ಹಾಡು ಮುಗೀತು, ಸಿಟ್ಟೂ ಮುಗೀತು. ಇಷ್ಟೇನೂ ಕೆಟ್ಟದಾಗಿ ಹಾಡಲ್ವಲ್ಲ ನಾನು ಅನ್ನಿಸ್ತು. ಮುಂದಿನ ಬುಧವಾರ ಇನ್ನೊಂದ್ಸಲ ಕೇಳೋಣ ಅನ್ನಿಸ್ತು.”

ತಡೀರಿ ನಡುರಸ್ತೆಯಲ್ಲಿ ನಿಂತುಬಿಟ್ಟ. ಸಾವಿರಕ್ಕೂ ಮಿಕ್ಕಿ ಬುಧವಾರಗಳು ಅವನ ಕಣ್ಣ ಮುಂದೆ ಹಾದುಹೋದವು. “ಬುಧವಾರದ ಮೌನಿ... ನೀನಾ? ಮತ್ತೆ ನಾನು ಎತ್ತಿದ ಕೂಡ್ಲೇ ಯಾಕೆ ಇಟ್ಟುಬಿಡ್ತಿದ್ದೆ?”

“ನೀವು ಎತ್ತಿದ್ರೆ ಹಾಡು ನಿಂತುಹೋಗ್ತಿತ್ತಲ್ಲ” ಎಂದಳು ಅವಳು. “ಅಂದ್ಹಾಗೆ, ಆ ನಲ್ಲಿ ಇನ್ನೂ ಸೋರ್ತಾನೇ ಇದೆ.”

ಮರುದಿನವೇ ಹಳೇ ಕ್ಯಾಸೆಟ್ಟು ಗೋಡೆಯ ಪೆಟ್ಟಿಗೆಗೆ ಮರಳಿತು. ಹೊಸದಾಗಿ ಮುದ್ರಿಸುವ ಮಾತನ್ನು ಸಾಹೇಬರೇ ಕೈಬಿಟ್ಟರು. ಅಮೂಲ್ಯಮ್ಮ ಉಗ್ರಾಣ ಸೇರಿದಳು. ಬುಧವಾರದ ಮೌನಿ ಯಾರೆಂಬುದು ಕಚೇರಿಗೆಲ್ಲ ಗೊತ್ತಾಯಿತು. ದೂರುಗಳು ಹದಿನೈದಕ್ಕಿಳಿದವು. ಟೈಲರನ ಅಂಗಿಗಳಿಗೆ ಬಲಗೈ ಬಂತು.

ಮುಂದಿನ ಬುಧವಾರ ಹನ್ನೊಂದು ಗಂಟೆಗೆ ದೂರು ವಿಭಾಗದ ಫೋನು ರಿಂಗಾಯಿತು. ತಡೀರಿ ರಿಜಿಸ್ಟರು ಬಿಚ್ಚಿ ‘ಬುಧವಾರದ ಮೌನಿ’ ಎಂದು ಬರೆದ. ಮುಂದೆ ‘ದೂರು: ಅಡುಗೆಮನೆಯ ನಲ್ಲಿ’ ಎಂದು ತುಂಬಿದ. ಆಮೇಲೆ ಪೆನ್ನಿಗೆ ಮುಚ್ಚಳ ಹಾಕಿ, ಕೈಕಟ್ಟಿಕೊಂಡು ಕೂತ. ಫೋನಿನ ಕೆಂಪು ದೀಪ ಮಿಣುಕುತ್ತಲೇ ಇತ್ತು. ಆ ಕಡೆ ಹೊರಟಿದ್ದ ಸಾಹೇಬರು ಬಾಗಿಲಲ್ಲಿ ನಿಂತು ಹುಬ್ಬು ಗಂಟಿಕ್ಕಿದರು.

“ಏನ್ರೀ, ಅಷ್ಟೊತ್ತಿಂದ ಫೋನ್ ಬರ್ತಿದೆ, ಎತ್ತೋದಲ್ವಾ?”

“ಸ್ವಲ್ಪ ತಡೀರಿ ಸಾರ್” ಎಂದ ಅವನು. “ಹಾಡು ಮುಗೀಲಿ.”

ಸಾಹೇಬರು ಗಡಿಯಾರ ನೋಡಿದರು, ಬುಧವಾರವೆಂಬುದು ನೆನಪಾಯಿತು. ಒಳಗೆ ಬಂದು, ಕುರ್ಚಿ ಎಳೆದುಕೊಂಡು, ಸದ್ದಿಲ್ಲದೆ ಕೂತು ತಾವೂ ಕಾದರು.